‘ಅಸಲಿ ಖಡ್ಗ, ಲೈಸೆನ್ಸ್ ಬೇಡ’: ಈ ಎರಡೂ ಮಾತು ಒಟ್ಟಿಗೆ ನಿಜವಾಗಬಹುದೇ?

ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಇಂಥ ಫಾರ್ವರ್ಡ್ ಬಂದಿರಬಹುದು. ಥಳಥಳಿಸುವ ತಲವಾರದ ಚಿತ್ರ, ಕೆಳಗೆ ಬೆಲೆ, ಅದರ ಕೆಳಗೆ ನಾಲ್ಕು ಭರವಸೆ: ಅಸಲಿ ಡಮಾಸ್ಕಸ್ ಉಕ್ಕು, ನಿಜವಾಗಿ ಕತ್ತರಿಸುತ್ತದೆ, ನಿಮ್ಮ ಹೆಸರು ಕೆತ್ತಿಸಿಕೊಡುತ್ತೇವೆ, ಅಲಂಕಾರದ ವಸ್ತುವಾದ್ದರಿಂದ ಲೈಸೆನ್ಸ್ ಬೇಕಿಲ್ಲ. ಅದನ್ನು ನೋಡಿ ಖರೀದಿಸುವವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಬಯಸುವವರಲ್ಲ. ಆಯುಧ ಪೂಜೆಗೆ ಇಡಲು, ಜಾತ್ರೆಯ ಮೆರವಣಿಗೆಯಲ್ಲಿ ಹಿಡಿಯಲು, ಗೋಡೆಗೆ ತೂಗುಹಾಕಲು ಬೇಕು ಎನ್ನುವವರು.

ಆದರೆ ಆ ಜಾಹೀರಾತಿನಲ್ಲೇ ಒಂದು ತೊಡಕಿದೆ. ಖಡ್ಗ ‘ನಿಜವಾಗಿ ಕತ್ತರಿಸುತ್ತದೆ’ ಎಂದಾದರೆ ಅದು ಕಾನೂನಿನ ಕಣ್ಣಿಗೆ ಆಯುಧ. ಅದು ‘ಬರೀ ಅಲಂಕಾರದ ವಸ್ತು’ ಎಂದಾದರೆ ಅದನ್ನು ಬೀಸುವುದು ಅಪಾಯ. ಎರಡರಲ್ಲಿ ಒಂದು ಮಾತು ಸುಳ್ಳಾಗಿರಲೇಬೇಕು. ಯಾವುದು ಸುಳ್ಳು ಎಂದು ತಿಳಿಯಲು ಉಕ್ಕಿನ ಗುಣವನ್ನೂ ಕಾನೂನನ್ನೂ ಸ್ವಲ್ಪ ಸ್ವಲ್ಪ ನೋಡೋಣ.

ಅಲಗು ಬೀಸಲು ಯೋಗ್ಯವಾಗುವುದು ಹೇಗೆ?

ಖಡ್ಗಕ್ಕೆ ಎರಡು ಗುಣ ಬೇಕು. ಬಾಯಿ ಹರಿತವಾಗಿ ಉಳಿಯುವಷ್ಟು ಗಡಸುತನ, ಪೆಟ್ಟು ಬಿದ್ದಾಗ ಬಾಗಿ ಮತ್ತೆ ನೇರವಾಗುವಷ್ಟು ಬಳುಕು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುತ್ತದೆ. ಗಡಸು ಹೆಚ್ಚಾದ ಅಲಗು ಗಾಜಿನಂತೆ ಮುರಿಯುತ್ತದೆ, ಮೆದುವಾದದ್ದು ಬಾಗಿದಲ್ಲೇ ನಿಲ್ಲುತ್ತದೆ.

ಈ ಸಮತೋಲವನ್ನು ಮೊದಲು ನಿರ್ಧರಿಸುವುದು ಇಂಗಾಲದ ಪ್ರಮಾಣ. ಬೀಸಲು ಮಾಡಿದ ಪ್ರತಿಕೃತಿ ಖಡ್ಗಗಳ ಜಾಹೀರಾತಿನಲ್ಲಿ 1060, 1075, 1095 ಎಂಬ ಸಂಖ್ಯೆಗಳು ಕಾಣುತ್ತವೆ. ಕೊನೆಯ ಎರಡು ಅಂಕಿ ಇಂಗಾಲವನ್ನು ಹೇಳುತ್ತವೆ: 1060 ಎಂದರೆ ಸುಮಾರು ಶೇ 0.60, 1095 ಎಂದರೆ ಸುಮಾರು ಶೇ 0.95. ಇನ್ನೊಂದು ಹೆಸರು 5160. ಇದು ಸ್ವಲ್ಪ ಕ್ರೋಮಿಯಂ ಸೇರಿದ ಸ್ಪ್ರಿಂಗ್ ಉಕ್ಕು. ಇದೇ ಜಾತಿಯ ಉಕ್ಕು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲೂ ಇರುತ್ತದೆ. ಹಳೇ ಲಾರಿ ಪಟ್ಟಿಯಿಂದ ಕುಡುಗೋಲು, ಕೊಡಲಿ ಬಡಿಯುವ ಕಂಬಾರರಿಗೆ ಸಂಖ್ಯೆ ಗೊತ್ತಿರಲಿಕ್ಕಿಲ್ಲ, ಅದರ ಗುಣ ಚೆನ್ನಾಗಿ ಗೊತ್ತು.

ಎರಡನೆಯದು ಹದ. ಕೆಂಪಗೆ ಕಾಯಿಸಿದ ಅಲಗನ್ನು ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅದು ಗಡಸಾಗುತ್ತದೆ. ಅಲ್ಲಿಗೇ ಬಿಟ್ಟರೆ ಮುರಿಯುತ್ತದೆ. ಆದ್ದರಿಂದ ಮತ್ತೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ಬಳುಕು ಬರಿಸಬೇಕು. ಈ ಎರಡನೇ ಕಾಯಿಸುವಿಕೆ ಆಗಿದೆಯೋ ಇಲ್ಲವೋ ಎಂಬುದು ಫೋಟೊದಲ್ಲಿ ಕಾಣುವುದಿಲ್ಲ.

ಅಗ್ಗದ ಖಡ್ಗಗಳಲ್ಲಿ ಹೆಚ್ಚಿನವು ಸ್ಟೇನ್‌ಲೆಸ್ ಸ್ಟೀಲಿನವು. ಅಡುಗೆಮನೆಯ ಚಾಕುವಿಗೆ ಅದು ಒಳ್ಳೆಯ ಲೋಹ, ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ. ಆದರೆ ಎರಡೂವರೆ ಅಡಿ ಉದ್ದದ ಅಲಗಾಗಿಸಿ ಜೋರಾಗಿ ಬೀಸಿದರೆ ಅದು ಮುರಿಯುವ ಸಂಭವ ಹೆಚ್ಚು. ಜತೆಗೆ ಇಂಥ ಕತ್ತಿಗಳಲ್ಲಿ ಹಿಡಿಯೊಳಗೆ ಹೋಗುವ ಅಲಗಿನ ಬಾಲದ ಜಾಗದಲ್ಲಿ ಬೆಸುಗೆ ಹಾಕಿದ ಒಂದು ಸಣ್ಣ ಸರಳು ಮಾತ್ರ ಇರುತ್ತದೆ. ಬೀಸಿದಾಗ ಬೆಸುಗೆ ಬಿಟ್ಟರೆ ಹಿಡಿ ಕೈಯಲ್ಲಿ ಉಳಿದು ಅಲಗು ಹಾರುತ್ತದೆ. ಎದುರಿಗೆ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿರುವವರ ಕಡೆಗೇ ಅದು ಹಾರಬಹುದು.

ಅಲೆ ಅಲೆ ಗೆರೆ ಇದ್ದರೆ ಡಮಾಸ್ಕಸ್ ಉಕ್ಕೇ?

ಅಲ್ಲ. ಇಲ್ಲಿ ಕನ್ನಡಿಗರಿಗೆ ಹೆಮ್ಮೆಯ ಕಥೆಯೊಂದಿದೆ, ಫಾರ್ವರ್ಡ್‌ಗಳು ಅದನ್ನೇ ತಿರುಚುತ್ತವೆ. ದಕ್ಷಿಣ ಭಾರತದ ಕುಶಲಿಗಳು ಕಬ್ಬಿಣವನ್ನು ಎಲೆ, ಕಟ್ಟಿಗೆ ಚೂರುಗಳ ಜತೆ ಮಣ್ಣಿನ ಮುಚ್ಚಿದ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದರಲ್ಲಿ ಇಂಗಾಲ ಸುಮಾರು ಶೇ 1.5ರಷ್ಟು. ಈ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ ಅಲ್ಲಿ ‘ಡಮಾಸ್ಕಸ್’ ಎಂದು ಹೆಸರಾದ ಖಡ್ಗಗಳಾದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹದ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಅದನ್ನು ‘ವೂಟ್ಸ್’ ಎಂದು ಕರೆದರು. ಆ ಪದ ನಮ್ಮ ‘ಉಕ್ಕು’ ಎಂಬುದರಿಂದ ಬಂದದ್ದು ಎಂಬುದು ವ್ಯಾಪಕವಾಗಿ ಒಪ್ಪಿರುವ ವಿವರಣೆ. ಮುಂದೆ ಮೈಕೆಲ್ ಫ್ಯಾರಡೆ ಕೂಡ ಈ ಉಕ್ಕಿನ ಗುಟ್ಟು ಹುಡುಕಲು ಹೊರಟಿದ್ದರು.

ಮೂಸೆಯ ಉಕ್ಕಿನ ಅಲಗಿನ ಮೇಲಿನ ಅಲೆಗಳು ಲೋಹದೊಳಗೇ ಹುಟ್ಟಿದವು. ಗಟ್ಟಿಯಾದ ಕಾರ್ಬೈಡ್ ಕಣಗಳು ಸಾಲುಗಟ್ಟಿ ನಿಂತಾಗ ಆ ಗೆರೆ ಕಾಣುತ್ತದೆ. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ವನೇಡಿಯಂನಂಥ ಧಾತುಗಳು ಇದಕ್ಕೆ ಕಾರಣ ಎಂದು ಜಾನ್ ವರ್ಹೋವನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಇಂದು ಮಾರುಕಟ್ಟೆಯಲ್ಲಿ ‘ಡಮಾಸ್ಕಸ್’ ಎಂದು ಸಿಗುವುದು ಬೇರೆಯೇ. ಎರಡು ಬಗೆಯ ಉಕ್ಕಿನ ಪದರಗಳನ್ನು ಬಡಿದು ಒಂದಾಗಿಸಿ, ಆಮ್ಲದಲ್ಲಿ ಅದ್ದಿ ಗೆರೆ ಮೂಡಿಸುತ್ತಾರೆ. ಸರಿಯಾಗಿ ಮಾಡಿದರೆ ಅದೂ ಒಳ್ಳೆಯ ಅಲಗೇ, ಆದರೆ ಹಳೆಯ ಮೂಸೆಯ ಉಕ್ಕಲ್ಲ. ಇನ್ನೂ ಅಗ್ಗದ್ದರಲ್ಲಿ ಸಾಮಾನ್ಯ ಸ್ಟೀಲಿನ ಮೇಲೆ ಲೇಸರಿನಲ್ಲೋ ಆಮ್ಲದಲ್ಲೋ ಬರೀ ಚಿತ್ರ ಬರೆದಿರುತ್ತಾರೆ. ಒಂದು ಮೂಲೆಯನ್ನು ಮರಳು ಕಾಗದದಿಂದ ಉಜ್ಜಿ, ಮತ್ತೆ ಆಮ್ಲ ಹಚ್ಚಿ ನೋಡಿದರೆ ನಿಜವಾದ ಪದರ ಮತ್ತೆ ಕಾಣಿಸುತ್ತದೆ. ಬರೆದ ಚಿತ್ರ ಹೋದರೆ ಹೋಯಿತು.

ಡೋಣಿ ಇರುವುದು ಕಪ್ಪತಗುಡ್ಡದ ಮಗ್ಗುಲಲ್ಲಿ. ಆ ಗುಡ್ಡದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು, ಚಿನ್ನ ಇರುವುದು ನಿಜ. ಹಾಗೆಂದು ಅದಿರಿನ ನಾಡಿನ ಹೆಸರು ಹೇಳಿ ಮಾರುವ ಕತ್ತಿಯೆಲ್ಲ ಪ್ರಾಚೀನ ಉಕ್ಕಿನದಾಗುವುದಿಲ್ಲ. ಅದಿರಿನಿಂದ ಆ ಉಕ್ಕಿನವರೆಗೆ ಮೂಸೆ, ಬೆಂಕಿ, ಕುಶಲಿಯ ಕೈ ಎಂಬ ಹಲವು ಮೆಟ್ಟಿಲುಗಳಿವೆ.

ಇನ್ನೂ ಮೂರು ನಂಬಿಕೆ

*ಗಾಳಿಯಲ್ಲಿ ಹಾರುವ ರೇಷ್ಮೆಯನ್ನು ಕತ್ತರಿಸುತ್ತಿತ್ತು.* ಸುಲ್ತಾನ ಸಲಾದಿನ್ ಹೀಗೆ ಮಾಡಿದನೆಂಬ ಕಥೆ ಜಗತ್ತಿಗೆಲ್ಲ ಹರಡಿದ್ದು ವಾಲ್ಟರ್ ಸ್ಕಾಟ್ 1825ರಲ್ಲಿ ಪ್ರಕಟಿಸಿದ ‘ದಿ ಟಾಲಿಸ್ಮನ್’ ಕಾದಂಬರಿಯಿಂದ. ಅದು ಇತಿಹಾಸದ ದಾಖಲೆಯಲ್ಲ.

*ನಮ್ಮ ಪೂರ್ವಜರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು.* 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು 17ನೇ ಶತಮಾನದ ಒಂದು ಡಮಾಸ್ಕಸ್ ಖಡ್ಗದಲ್ಲಿ ಇಂಗಾಲದ ನ್ಯಾನೊ ನಳಿಕೆಗಳು ಕಂಡವು ಎಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದು ನಿಜ. ಅದು ಒಂದು ಅಲಗಿನ ಪರೀಕ್ಷೆ. ಅನುಭವದಿಂದ ಕಲಿತ ಕುಶಲತೆಯ ಫಲವಾಗಿ ಅಂಥ ರಚನೆ ಮೂಡಿರಬಹುದು. ಅದನ್ನು ತಿಳಿದು ಮಾಡಿದರು ಎನ್ನಲು ಆ ವರದಿ ಆಧಾರವಾಗದು.

*ರಾಜರ ಖಡ್ಗ ಹತ್ತಾರು ಕಿಲೊ ತೂಗುತ್ತಿತ್ತು.* ಯುದ್ಧದಲ್ಲಿ ಬಳಸಿದ ತಲವಾರಗಳ ತೂಕ ಸಾಮಾನ್ಯವಾಗಿ 1 ಕಿಲೊ ಆಸುಪಾಸು. ದಿನವಿಡೀ ಬೀಸಬೇಕಾದವರು ಅದಕ್ಕಿಂತ ಬಹಳ ಭಾರದ್ದನ್ನು ಹೊರಲಾರರು. ಇನ್ನು ಬೆಲೆಯಿಂದ ಹರಿತವನ್ನೂ ಅಳೆಯಲಾಗದು. ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು. ಕೊಟ್ಟ ಹಣ ಇತಿಹಾಸಕ್ಕೆ, ಅಲಗಿನ ಹರಿತಕ್ಕಲ್ಲ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದರ ನಿಯಮಗಳ ಪಟ್ಟಿಯ ಐದನೇ ವರ್ಗದಲ್ಲಿ ಖಡ್ಗ, ಗುಪ್ತಿ, ಬಾಕು, ಭರ್ಜಿ ಹೆಸರು ಹಿಡಿದೇ ಸೇರಿವೆ. ಫಾರ್ವರ್ಡ್‌ಗಳು ಹೇಳುವ ‘9 ಇಂಚಿನ ನಿಯಮ’ವೂ ಅಲ್ಲೇ ಇದೆ: 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಆಯುಧಗಳು. ಎರಡೂವರೆ ಅಡಿಯ ತಲವಾರ ಹೇಗೆ ಅಳೆದರೂ ಈ ಮಿತಿ ದಾಟುತ್ತದೆ. ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದೇ ಮಾಡಿದವು ಇದರಿಂದ ಹೊರಗೆ. ಆದ್ದರಿಂದ ನಿಮ್ಮ ಹೊಲದ ಕುಡುಗೋಲಿನ ಚಿಂತೆ ಬೇಡ.

‘ಅಲಂಕಾರದ್ದು’ ಎಂಬ ಸಬೂಬು ಎಷ್ಟು ಗಟ್ಟಿ? ಕಾಯ್ದೆ ಬಿಡುವುದು ಆಟಿಕೆಯಾಗಿ ಬಿಟ್ಟು ಬೇರೆ ರೀತಿಯಲ್ಲಿ ಬಳಸಲಾಗದ, ಬಳಕೆಗೆ ಯೋಗ್ಯವಾದ ಆಯುಧವಾಗಿ ಬದಲಿಸಲೂ ಆಗದ ವಸ್ತುವನ್ನು. ಮೊಂಡಾಗಿದ್ದರೂ ಸಾಣೆ ಹಿಡಿದರೆ ಹರಿತವಾಗುವ ಗಟ್ಟಿ ಉಕ್ಕಿನ ಅಲಗು ಈ ವಿನಾಯಿತಿಗೆ ಸಲೀಸಾಗಿ ಸೇರುವುದಿಲ್ಲ. ಮರ, ಪ್ಲಾಸ್ಟಿಕ್ಕಿನ ಕತ್ತಿ ಸೇರುತ್ತದೆ.

ಖಡ್ಗ ಇಟ್ಟುಕೊಳ್ಳಲು ಲೈಸೆನ್ಸ್ ಕಡ್ಡಾಯವೇ ಎಂಬುದು ಕಾಯ್ದೆಯ 4ನೇ ಕಲಮಿನಡಿ ಆ ಪ್ರದೇಶಕ್ಕೆ ಹೊರಡಿಸಿದ ಅಧಿಸೂಚನೆಯ ಮೇಲೆ ನಿಂತಿದೆ. ಅಧಿಸೂಚನೆ ಇರುವಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 1ರಿಂದ 3 ವರ್ಷ ಜೈಲು ಮತ್ತು ದಂಡ. ವಿದೇಶದಿಂದ ಆಯುಧ ತರಿಸಲು 10ನೇ ಕಲಮಿನ ಪ್ರಕಾರ ಲೈಸೆನ್ಸ್ ಬೇಕು. ಕೊರಿಯರ್‌ನಲ್ಲಿ ಬಂದರೂ ಅಷ್ಟೇ. ಇದರ ಜತೆಗೆ, ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಖಡ್ಗ, ಭರ್ಜಿ ಹಿಡಿದು ಸಾರ್ವಜನಿಕವಾಗಿ ಓಡಾಡುವುದನ್ನು ಜಿಲ್ಲಾ ದಂಡಾಧಿಕಾರಿ ನಿಷೇಧಿಸಬಹುದು. ಹಬ್ಬ, ಚುನಾವಣೆಗಳ ಹೊತ್ತಿನಲ್ಲಿ ಇಂಥ ಆದೇಶಗಳು ಬರುತ್ತಿರುತ್ತವೆ. ತಲವಾರದಿಂದ ಕೇಕ್ ಕತ್ತರಿಸಿ ವಿಡಿಯೊ ಹಾಕಿದ ಹುಡುಗರ ಮೇಲೆ ಕೇಸ್ ಆದ ಸುದ್ದಿಗಳನ್ನು ನೀವು ಓದಿಯೇ ಇರುತ್ತೀರಿ. ಅಲ್ಲಿ ಸಾಕ್ಷಿ ಕೊಟ್ಟಿದ್ದು ಅವರದೇ ವಿಡಿಯೊ.

ಈ ಭಾಗಕ್ಕೆ ಇದು ಹೊಸ ಪ್ರಶ್ನೆಯಲ್ಲ

1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಜನರ ಆಯುಧ ಕಿತ್ತುಕೊಳ್ಳಲು ಹೊರಟಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ಮುಂಡರಗಿಯ ಭೀಮರಾಯ ಬಂಡೆದ್ದು, ಡೋಣಿಗೆ ಹತ್ತಿರದ ಡಂಬಳದ ಖಜಾನೆ ವಶಪಡಿಸಿಕೊಂಡು ಕೊಪ್ಪಳದ ಕೋಟೆ ಸೇರಿ, ಅಲ್ಲಿನ ಹೋರಾಟದಲ್ಲಿ ಮಡಿದರು. ‘ಅವರು ಆಯುಧಕ್ಕಾಗಿ ಪ್ರಾಣ ಕೊಟ್ಟರು, ನಾವೇಕೆ ಲೈಸೆನ್ಸ್ ಕೇಳಬೇಕು’ ಎಂಬ ಮಾತು ಕೇಳಲು ರೋಮಾಂಚಕ. ಆದರೆ ಅವರು ಎದುರಿಸಿದ್ದು ಪರಕೀಯ ಆಳ್ವಿಕೆಯ ಕಾಯ್ದೆಯನ್ನು. 1959ರದ್ದು ನಮ್ಮದೇ ಸಂಸತ್ತು ಮಾಡಿದ ಕಾನೂನು. ಭೀಮರಾಯರ ಹೆಸರು ಹೇಳಿ ಮಾರುವ ಕತ್ತಿ ಕೊಂಡವನ ಮೇಲೆ ಕೇಸ್ ಆದರೆ, ಮಾರಿದವನು ಕೋರ್ಟಿಗೆ ಜತೆಗೆ ಬರುವುದಿಲ್ಲ.

ಬದಲಾಯಿಸುವ ಮುನ್ನ ತಿಳಿದಿರಲಿ

ಮೊಂಡು ಅಲಗಿಗೆ ಸಾಣೆ ಹಿಡಿಸುವುದು ಸಣ್ಣ ರಿಪೇರಿಯಲ್ಲ. ಅಲಂಕಾರದ ವಸ್ತು ಆಯುಧವಾಗುವುದು ಆ ಕ್ಷಣದಲ್ಲೇ. ಗ್ರೈಂಡರ್ ಹಿಡಿದರೆ ಇನ್ನೊಂದು ನಷ್ಟವೂ ಇದೆ: ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಕೆಟ್ಟಿದೆ ಎಂದರ್ಥ.

ಹಳೆಯ ತಲವಾರಗಳಲ್ಲಿ ಅಲಗಿನ ಬಾಲ ಗಿಡ್ಡ. ಅದನ್ನು ಲೋಹದ ಹಿಡಿಯೊಳಗೆ ಅರಗಿನಂಥ ಅಂಟಿನಿಂದ ಕೂರಿಸುತ್ತಿದ್ದರು. ಮನೆಯಲ್ಲಿ ಅಜ್ಜನ ಕಾಲದ ಖಡ್ಗವಿದ್ದರೆ ಹಿಡಿ ಬಿಚ್ಚಲು ಕಾಯಿಸಬೇಡಿ, ಹೊಳಪಿಗಾಗಿ ಉಜ್ಜಬೇಡಿ. ಮೇಲಿನ ಕೆತ್ತನೆ, ಅಲೆಯ ಗೆರೆ ಒಮ್ಮೆ ಹೋದರೆ ಮರಳುವುದಿಲ್ಲ. ತೆಳುವಾಗಿ ಎಣ್ಣೆ ಸವರಿ, ಒಣ ಜಾಗದಲ್ಲಿಟ್ಟರೆ ಸಾಕು. ಚರ್ಮದ ಒರೆ ತೇವ ಹಿಡಿಯುವುದರಿಂದ ವರ್ಷಗಟ್ಟಲೆ ಅದರೊಳಗೆ ಇಡಬೇಡಿ.

ನಾಟಕ, ದೊಡ್ಡಾಟ, ಶಾಲೆಯ ಕಾರ್ಯಕ್ರಮಕ್ಕೆ ಬೇಕಿದ್ದರೆ ಬೆಳ್ಳಿ ಬಣ್ಣ ಬಳಿದ ಮರದ ಕತ್ತಿ ಸಾಕು. ದೂರದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದು, ಮಕ್ಕಳ ಕೈ ಕೊಯ್ಯದು.

ಫಾರ್ವರ್ಡ್ ಒತ್ತುವ ಮುನ್ನ

ಉಕ್ಕಿನ ಖಡ್ಗವೇ ಬೇಕೆಂದರೆ ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಯಾವ ಉಕ್ಕು, ಹದ ಹೇಗೆ ಮಾಡಿದ್ದೀರಿ? ಅಲಗಿನ ಬಾಲ ಅಖಂಡವೋ, ಬೆಸುಗೆಯದೋ? ಬಿಲ್ಲಿನಲ್ಲಿ ಏನೆಂದು ಬರೆಯುತ್ತೀರಿ? ನಾಲ್ಕನೆಯ ಪ್ರಶ್ನೆ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗಕ್ಕೆ: ನಮ್ಮ ಊರಿನಲ್ಲಿ ಇದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕೇ? ದುಡ್ಡು ಕಳಿಸುವ ಮೊದಲೇ ಕೇಳಿ.

‘ಕತ್ತರಿಸುತ್ತದೆ’ ಮತ್ತು ‘ಲೈಸೆನ್ಸ್ ಬೇಡ’ ಎಂಬ ಎರಡೂ ಮಾತು ಒಂದೇ ಚಿತ್ರದ ಕೆಳಗೆ ಕಂಡರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಹದಿನೆಂಟು ತುಂಬಿದ ಹುಡುಗರೂ ಇರುತ್ತಾರೆ. ನೀವು ಕಳಿಸಿದ್ದೆಂದರೆ ಅವರು ನಂಬುತ್ತಾರೆ.