ಕಲ್ಲಿನ ಗೆರೆ, ನೀರಿನ ಗೆರೆ

ರಿಪೇರಿಗೆ ಬಿಟ್ಟ ಕಾರು ಗ್ಯಾರೇಜಿನಿಂದ ಮನೆಗೆ ಬರುತ್ತದೆ. ಹೇಳಿದ ಕೆಲಸ ಆಗಿದೆ. ಏಸಿ ತಣ್ಣಗೆ ಬೀಸುತ್ತಿದೆ. ಆದರೆ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಬೆರಳುದ್ದದ ಹೊಸ ಗೀರೊಂದು ಕಾಣುತ್ತದೆ. ಸೀಟಿನ ಮೇಲೆ ಗ್ರೀಸಿನ ಕಲೆ. ರಸ್ತೆಯ ಉಬ್ಬು ದಾಟಿದಾಗಲೆಲ್ಲ ಒಳಗೆಲ್ಲೋ ‘ಟಕ್’ ಎಂಬ ಸದ್ದು. ಮರುದಿನವೇ ಮನೆಮಂದಿಯೆಲ್ಲ ಅರಸೀಕೆರೆ, ಹಳೇಬೀಡು, ಬೇಲೂರುಗಳ ದರ್ಶನಕ್ಕೆ ಹೊರಡಬೇಕು. ಯಜಮಾನನ ಕಣ್ಣು ಮಾತ್ರ ಆ ಗೀರನ್ನು ಬಿಟ್ಟು ಕದಲುವುದಿಲ್ಲ.

ಇಂದಿನ ಅನೇಕ ಮನೆಗಳಿಗೆ ಇದು ಪರಿಚಿತವಾದ ಪ್ರಸಂಗ. ನಷ್ಟ ಅಲ್ಪ, ಸಂಕಟ ಮಾತ್ರ ದೊಡ್ಡದು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಇರುವ ಮೂರ್ಛೆ ಎಂದು ತತ್ತ್ವಾರ್ಥಸೂತ್ರಕಾರರು ತಿಳಿಸಿದ್ದು ಇಂಥ ಹೊತ್ತಿನಲ್ಲಿ ನಿಜವೆನಿಸುತ್ತದೆ. ಗೀರು ಬಿದ್ದದ್ದು ಪ್ಲಾಸ್ಟಿಕ್ಕಿನ ಮೇಲೆ. ನೋವು ಹುಟ್ಟಿದ್ದು ‘ನನ್ನದು’ ಎಂಬ ಭಾವದಲ್ಲಿ. ಒಣಗಿದ ಗೋಡೆಗೆ ತಾಗಿದ ಧೂಳು ಉದುರಿಹೋಗುತ್ತದೆ, ಎಣ್ಣೆ ಹತ್ತಿದ ಗೋಡೆಗೆ ಅದೇ ಧೂಳು ಅಂಟಿಕೊಳ್ಳುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳೇ ಆ ಎಣ್ಣೆ.

ಯಾತ್ರೆಯ ಮೊದಲ ನಿಲುಗಡೆ ಅರಸೀಕೆರೆ. ಇಲ್ಲಿಯ ಸಹಸ್ರಕೂಟ ಜಿನಾಲಯವನ್ನು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1220ರಲ್ಲಿ, ರೇಚರಸನು ಕಟ್ಟಿಸಿದನು. ‘ವಸುಧೈಕಬಾಂಧವ’ ಎಂಬುದು ಅವನ ಬಿರುದು. ಭೂಮಿಯ ಮೇಲಿನವರೆಲ್ಲ ಬಂಧುಗಳೆಂಬ ಭಾವ ಆ ಬಿರುದಿನಲ್ಲಿದೆ. ಬಂಧುಗಳ ಆ ಪಟ್ಟಿಯಲ್ಲಿ ಗ್ಯಾರೇಜಿನ ಹುಡುಗನೂ ಇದ್ದಾನೆಯೇ ಎಂಬುದು ಗೀರನ್ನು ಕಂಡ ಯಜಮಾನ ತನಗೆ ತಾನೇ ಹಾಕಿಕೊಳ್ಳಬೇಕಾದ ಪ್ರಶ್ನೆ.

ಆ ಹುಡುಗನ ಕೆಲಸವನ್ನೊಮ್ಮೆ ನೋಡಬೇಕು. ಏಸಿಯ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ. ಅದು ಸೋರಿದರೆ ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹೊರತೆಗೆಯಬೇಕಾಗುತ್ತದೆ. ಬಿಸಿಲಿಗೆ ವರ್ಷಗಟ್ಟಲೆ ಕಾದ ಪ್ಲಾಸ್ಟಿಕ್ ಕ್ಲಿಪ್ಪುಗಳು ಪೆಡಸಾಗಿ, ಪಳಗಿದ ಕೈಯಲ್ಲೂ ಒಂದೊಂದು ಮುರಿದುಹೋಗುತ್ತವೆ. ‘ಟಕ್’ ಎಂಬ ಸದ್ದಿನ ಮೂಲ ಬಹುಮಟ್ಟಿಗೆ ಅಲ್ಲಿರುತ್ತದೆ. ಕ್ಲಿಪ್ ಮುರಿಯುವುದು ಒಂದು, ಗ್ರೀಸಿನ ಕೈಯಲ್ಲೇ ಸೀಟನ್ನು ಹಿಡಿಯುವುದು ಇನ್ನೊಂದು. ಎಚ್ಚರವಿದ್ದೂ ನಡೆದುಹೋದದ್ದನ್ನೂ ಪ್ರಮಾದದಿಂದ ನಡೆದದ್ದನ್ನೂ ಜಿನಧರ್ಮ ಬೇರೆ ಬೇರೆಯಾಗಿ ತೂಗುತ್ತದೆ. ವಿಚಾರಿಸದೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವವನಲ್ಲಿಯೂ ಪ್ರಮಾದವಿದೆ.

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡನ್ನು ಸೇರಬಹುದು. ಹೊಯ್ಸಳೇಶ್ವರ ದೇವಾಲಯದ ಜನಸಂದಣಿಯನ್ನು ದಾಟಿ ಬಸ್ತಿಹಳ್ಳಿಗೆ ಬಂದರೆ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಶಾಂತವಾಗಿ ನಿಂತಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜ ಹಾಳುಬಿದ್ದ ಅನೇಕ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ ಹೆಸರಾದವನು. ಒಡೆದದ್ದನ್ನು ಸರಿಪಡಿಸುವುದೂ ಪುಣ್ಯಕಾರ್ಯವೆಂದು ತಿಳಿದಿದ್ದವನ ನೆನಪು ಅಲ್ಲಿ ಉಳಿದಿದೆ.

ಬಸದಿಯ ನವರಂಗದ ಕಂಬಗಳು ಕನ್ನಡಿಯಂತೆ ನುಣುಪಾಗಿವೆ. ಎದುರು ನಿಂತವರ ಬಿಂಬ ಅದರಲ್ಲಿ ಮೂಡುತ್ತದೆ. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾದ ಬಳಪದ ಕಲ್ಲು ನೆಲದಿಂದ ತೆಗೆದ ಹೊಸದರಲ್ಲಿ ಮೃದು. ಗಾಳಿಗೆ ಒಡ್ಡಿಕೊಂಡಂತೆಲ್ಲ ಗಟ್ಟಿಯಾಗುತ್ತದೆ. ಕೋಪದ ರೀತಿಯೂ ಹೀಗೆಯೇ. ಹುಟ್ಟಿದ ಗಳಿಗೆಯಲ್ಲಿ ತಿದ್ದಬಹುದು, ದಿನ ಕಳೆದಂತೆ ಉಳಿಗೂ ಬಗ್ಗದು.

ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ. ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಅನಂತಾನುಬಂಧಿ, ಅಪ್ರತ್ಯಾಖ್ಯಾನ, ಪ್ರತ್ಯಾಖ್ಯಾನ, ಸಂಜ್ವಲನ ಎಂಬ ಕಷಾಯದ ನಾಲ್ಕು ಬಗೆಗಳಿಗೆ ಇವು ಹೊಂದುತ್ತವೆ. ಅವುಗಳ ವಾಸನೆ ಉಳಿಯುವ ಕಾಲವನ್ನೂ ಶಾಸ್ತ್ರ ಹೇಳುತ್ತದೆ. ನೀರಿನ ಗೆರೆಗೆ ಅಂತರ್ಮುಹೂರ್ತ, ಎಂದರೆ 48 ನಿಮಿಷಗಳ ಒಳಗಿನ ಕಾಲ; ಧೂಳಿನದಕ್ಕೆ ಒಂದು ಪಕ್ಷ; ನೆಲದ ಗೆರೆಗೆ ಆರು ತಿಂಗಳು. ಕಲ್ಲಿನ ಗೆರೆಯೋ ಭವಭವಗಳನ್ನು ಬೆನ್ನಟ್ಟುತ್ತದೆ. ಗ್ಯಾರೇಜಿನ ಗೀರು ಎಷ್ಟು ಉದ್ದವಿದೆಯೆಂದು ಅಳೆಯುವವನು ಅದು ಮನಸ್ಸಿನಲ್ಲಿ ಎಷ್ಟು ದಿನ ಉಳಿಯಿತೆಂಬುದನ್ನೂ ಅಳೆದುಕೊಳ್ಳಬೇಕು. ಆರು ತಿಂಗಳ ಬಳಿಕವೂ ಆ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಹುಬ್ಬು ಗಂಟಿಕ್ಕಿದರೆ, ಬಿದ್ದದ್ದು ಎಂಥ ಗೆರೆಯೆಂದು ಬೇರೆ ಹೇಳಬೇಕಾಗಿಲ್ಲ.

ಕಲ್ಲಿನ ಗೆರೆ ಏನು ಮಾಡುತ್ತದೆಂಬುದಕ್ಕೆ ಅದೇ ಬಸದಿಯ ಸ್ವಾಮಿಯ ಚರಿತೆಯೇ ನಿದರ್ಶನ. ಕಮಠ, ಮರುಭೂತಿ ಎಂಬ ಅಣ್ಣತಮ್ಮಂದಿರು. ತಪ್ಪು ಮಾಡಿ ರಾಜ್ಯದಿಂದ ಹೊರದೂಡಿಸಿಕೊಂಡವನು ಕಮಠ. ಆದರೂ ಕ್ಷಮೆ ಕೇಳಲು ಹೋದವನು ತಮ್ಮ ಮರುಭೂತಿ. ಕಾಲಿಗೆರಗಿದ ತಮ್ಮನ ತಲೆಯ ಮೇಲೆ ಅಣ್ಣ ಬಂಡೆಯನ್ನೇ ಹಾಕಿದನು. ಆ ವೈರ ಜನ್ಮಜನ್ಮಗಳಲ್ಲಿ ಮುಂದುವರಿದು, ಮರುಭೂತಿಯ ಜೀವ ಪಾರ್ಶ್ವನಾಥ ತೀರ್ಥಂಕರನಾಗಿ ಧ್ಯಾನದಲ್ಲಿ ನಿಂತಾಗಲೂ ಮಳೆಗಲ್ಲುಗಳಾಗಿ ಸುರಿಯಿತು. ಹೆಡೆಯೆತ್ತಿ ಕಾಪಾಡಿದ ಧರಣೇಂದ್ರನ ಮೇಲೆ ಪ್ರಭುವಿಗೆ ರಾಗವಿಲ್ಲ, ಪೀಡಿಸಿದ ಕಮಠನ ಮೇಲೆ ದ್ವೇಷವಿಲ್ಲ. ಆ ಸಮಭಾವವೇ ಬಸದಿಯ ಗರ್ಭಗುಡಿಯಲ್ಲಿ ಕಲ್ಲಾಗಿ ನಿಂತಿದೆ.

ಹಾಗಾದರೆ ಶ್ರಾವಕನು ಸುಮ್ಮನಿರಬೇಕೆ? ಉತ್ತಮ ಕ್ಷಮೆ ಎಂದರೆ ಬಾಯಿ ಮುಚ್ಚಿಕೊಂಡು ಒಳಗೊಳಗೆ ಬೇಯುವುದಲ್ಲ. ಕೇಳುವುದು ತಪ್ಪಲ್ಲ, ಕ್ರೋಧದಿಂದ ಕೇಳುವುದು ತಪ್ಪು. ಕಾರನ್ನು ಬಿಡುವ ಮೊದಲು ಒಳಭಾಗದ ನಾಲ್ಕು ಫೋಟೊ ತೆಗೆದುಕೊಂಡು, ಇರುವ ಗೀರು ಕಲೆಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸುವುದು ಅಪನಂಬಿಕೆಯಲ್ಲ; ಮುಂದೆ ನಿರಪರಾಧಿಯ ಮೇಲೆ ಸುಳ್ಳು ದೂರು ಹೊರಿಸದಂತೆ ತಡೆಯುವ ಸತ್ಯಾಣುವ್ರತದ ಎಚ್ಚರ. ಮರಳಿ ಪಡೆಯುವಾಗ ಅಲ್ಲಿಯೇ ನೋಡಿ, ಆದದ್ದನ್ನು ಆದಷ್ಟೇ ಹೇಳಬೇಕು. ಮುರಿದ ಕ್ಲಿಪ್ಪನ್ನು ಹಾಕಿಕೊಡಿರಿ, ಕಲೆಯನ್ನು ತೆಗೆದುಕೊಡಿರಿ ಎಂದು ಕೇಳುವುದು ನ್ಯಾಯ. ಈ ನೆಪದಲ್ಲಿ ಹಳೆಯ ಗೀರುಗಳನ್ನೂ ಸೇರಿಸಿ ಹೇಳಿದರೆ ಅದು ಮಾಯೆ. ಇಡೀ ಬಿಲ್ಲನ್ನೇ ಬಿಡಿಸಿಕೊಳ್ಳಲು ನೋಡಿದರೆ ಅದು ಲೋಭ. ಮಾತಿಗೆ ಬಗ್ಗದವರಿದ್ದರೆ ಸೇವಾ ನ್ಯೂನತೆಗಾಗಿ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆರೆದಿಟ್ಟಿದೆ. ಗೀರಿಗೆ ತಕ್ಕ ದಾರಿ ಯಾವುದೆಂದು ವಿವೇಕ ಹೇಳಬೇಕು.

ಇನ್ನೊಂದು ಮಾತನ್ನು ಮರೆಯಲಾಗದು. ಗಿರಾಕಿಯ ಆರ್ಭಟ ಮಾಲೀಕನ ಕಿವಿಗೆ ಬಿದ್ದು, ಅಲ್ಲಿಂದ ಕೆಲಸದ ಹುಡುಗನ ಕೂಲಿಯವರೆಗೆ ಇಳಿಯಬಹುದು. ಐದು ನಿಮಿಷದ ಕೋಪಕ್ಕೆ ಯಾರದೋ ಮನೆಯ ಒಲೆ ಬೆಲೆ ತೆರುತ್ತದೆ. ಅಹಿಂಸೆಯನ್ನು ನೀರು ಸೋಸಿ ಕುಡಿಯುವಷ್ಟು ಸೂಕ್ಷ್ಮವಾಗಿ ಪಾಲಿಸುವವರು ಈ ಹಿಂಸೆಯನ್ನು ಕಾಣದೆ ಹೋಗಬಾರದು.

ಹಳೇಬೀಡಿನಿಂದ 16 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಕೆಲಸಗಾರನಿಗೂ ಒಂದು ಪಾಠವಿದೆ. ಕಪ್ಪೆ ಚೆನ್ನಿಗರಾಯನ ಐತಿಹ್ಯ ಎಲ್ಲರೂ ಬಲ್ಲದ್ದು. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ತರುಣನ ಮಾತಿಗೆ ಕೆರಳಿದ ಜಕಣಾಚಾರಿ, ದೋಷ ತೋರಿಸಿದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದ. ಮೈಗೆಲ್ಲ ಹಚ್ಚಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಡಲು ಕಪ್ಪೆ ಹೊರಬಂದಿತು. ದೋಷ ತೋರಿಸಿದವನು ತನ್ನ ಮಗನೇ ಆಗಿದ್ದನು. ಮಾನಕಷಾಯ ಎಷ್ಟು ದುಬಾರಿಯೆಂದು ಈ ಕಥೆ ಹೇಳುತ್ತದೆ. ತಪ್ಪು ತೋರಿಸಿದವನು ಹಗೆಯೇ ಆಗಿರಬೇಕಾಗಿಲ್ಲ. ‘ಬಿಚ್ಚುವಾಗ ಕ್ಲಿಪ್ ಮುರಿಯಿತು, ಹಾಕಿಕೊಡುತ್ತೇವೆ’ ಎಂದು ಗ್ಯಾರೇಜಿನವನೇ ಮೊದಲು ಹೇಳಿದರೆ ಅದು ಆರ್ಜವ ಧರ್ಮ. ಕಲೆಯ ಮೇಲೆ ಕಾಗದ ಹೊದಿಸಿ ಕೀಲಿ ಕೊಟ್ಟರೆ ಅದು ಮಾಯೆ.

ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದು ಕ್ಷಮೆ. ಪರ್ವ ಮುಗಿದ ಮೇಲೆ ಬರುವುದೂ ಕ್ಷಮಾವಣಿಯೇ. ಅಂದು ಬಂಧುಬಳಗದವರಲ್ಲಿ ಕ್ಷಮೆ ಕೇಳುವುದು ಸುಲಭ. ಗದರಿಸಿಕೊಂಡ ಹುಡುಗನ ಮುಂದೆ ಹೋಗಿ ‘ಅಂದು ನನ್ನ ಮಾತು ಹೆಚ್ಚಾಯಿತಪ್ಪಾ’ ಎನ್ನುವುದು ಕಷ್ಟ. ಕಷ್ಟವಾದದ್ದರಿಂದಲೇ ಅದು ತಪಸ್ಸು. ಕಾರು ಹಳತಾಗುತ್ತದೆ, ಒಂದು ದಿನ ಮಾರಿಹೋಗುತ್ತದೆ, ಗೀರೂ ಅದರೊಡನೆ ಹೋಗುತ್ತದೆ. ಜೀವದೊಡನೆ ಮುಂದಿನ ಪಯಣಕ್ಕೆ ಬರುವುದು ಮನಸ್ಸಿನ ಗೆರೆ ಮಾತ್ರ. ಅದು ನೀರಿನ ಮೇಲಿನದಾಗಿರಲಿ.