ಗಾಯರಾಣದ ರಕ್ಷಣೆ ಮತ್ತು ನಾಗರಿಕಧರ್ಮ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯ ಗ್ರಾಮಜೀವನಕ್ಕೆ ಹೊಲಗದ್ದೆಗಳಂತೆ ಗಾಯರಾಣವೂ ಆಧಾರವಾಗಿತ್ತು. ದನಕರುಗಳಿಗೆ ಮೇವು, ಒಲೆಗೆ ಕಟ್ಟಿಗೆ, ರೋಗಿಗೆ ಗಿಡಮೂಲಿಕೆ ಇವೆಲ್ಲ ಅಲ್ಲಿಂದಲೇ ದೊರೆಯುತ್ತಿದ್ದವು. ಒಬ್ಬ ಒಡೆಯನ ಹೆಸರಿಲ್ಲದ ಭೂಮಿ ಯಾರದೂ ಅಲ್ಲವೆಂದು ಬಗೆಯುವುದು ಸುಲಭ. ವಸ್ತುತಃ ಅದು ಎಲ್ಲರದು. ಅದರಲ್ಲಿಯೂ ಹೊಲವಿಲ್ಲದ ಬಡವನ ಆಸರೆ.

ಈ ಸತ್ಯಕ್ಕೆ ಪರೀಕ್ಷೆಯ ಕಾಲವೊಂದು ಬಂದಿತು. 1984ರಲ್ಲಿ ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಅಂದಿನ ಅವಿಭಜಿತ ಧಾರವಾಡವೂ ಸೇರಿದಂತೆ ಕೆಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರು, ಎಂದರೆ 75,000 ಎಕರೆಯಷ್ಟು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ನೀಲಗಿರಿಯ ಎಲೆಯನ್ನು ದನ ಮುಟ್ಟದು. ಅದರ ಮರ ಕಾರ್ಖಾನೆಯ ಪಾಲು. ಊರಿಗೆ ಉಳಿಯುವುದೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಶ್ರೀ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಗ್ರಾಮಸ್ಥರನ್ನು ಸಂಘಟಿಸಿತು. ಡಾ. ಶಿವರಾಮ ಕಾರಂತರು ಮುಂದಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು; 1987ರ ಮಾರ್ಚ್ ತಿಂಗಳಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೂರು ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು ಮೇವುಗಳನ್ನು ಕೊಡುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಸರಕಾರವು ಕಂಪನಿಯನ್ನು ಮುಚ್ಚುವ ನಿರ್ಧಾರ ಕೈಗೊಂಡಿತು.

ಆ ಸತ್ಯಾಗ್ರಹದ ಹೆಸರಿನಲ್ಲಿಯೇ ಅದರ ತತ್ತ್ವವಡಗಿದೆ. ಕೀಳುವುದು ಪ್ರತಿಭಟನೆ, ಹಚ್ಚುವುದು ಹೊಣೆ. ಮೊದಲನೆಯದಕ್ಕೆ ಒಂದು ದಿನದ ಆವೇಶ ಸಾಕು. ಎರಡನೆಯದಕ್ಕೆ ವರ್ಷಗಳ ನೀರು, ಬೇಲಿ, ಕಾವಲು ಬೇಕು. ಎರಡೂ ಕೂಡಿದಾಗಲೇ ನಾಗರಿಕಧರ್ಮ ಪೂರ್ಣವಾಗುತ್ತದೆ.

ಆದರೆ ಗಾಯರಾಣಕ್ಕೆ ಹೊರಗಿನ ಕಂಪನಿಯಿಂದ ಮಾತ್ರವೇ ಭಯವಿಲ್ಲ. ವರ್ಷಕ್ಕೆ ಎರಡು ಸಾಲು ಒತ್ತಿ ಉಳುವ ನೆರೆಯವನಿಂದಲೂ ಉಂಟು. 2011ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯವು ಜಗಪಾಲ ಸಿಂಗ್ ಪ್ರಕರಣದಲ್ಲಿ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಆದೇಶಕ್ಕೆ ಕಾಲು ಬರುವುದು ಊರವರಿಂದ: ಪಹಣಿ, ಗ್ರಾಮನಕಾಶೆಗಳನ್ನು ಓದಬಲ್ಲವರಿಂದ, ಗ್ರಾಮಸಭೆಯಲ್ಲಿ ನಿರ್ಭಯವಾಗಿ ಪ್ರಶ್ನಿಸುವವರಿಂದ.

ದಾಸೋಹವೆಂದರೆ ತನ್ನದನ್ನು ಸಮಾಜಕ್ಕೆ ಸಲ್ಲಿಸುವುದು. ಸಮಾಜದ್ದನ್ನು ತನ್ನದೆನ್ನದಿರುವುದು ಅದರ ಮೊದಲ ಮೆಟ್ಟಿಲು. ಶಾಲೆಯ ಮಕ್ಕಳು ತಮ್ಮ ಊರಿನ ಗಾಯರಾಣದ ಎಲ್ಲೆಯನ್ನು ಗುರುಗಳೊಡನೆ ಒಮ್ಮೆ ನಡೆದು ನೋಡಿದರೆ, ಆ ಪಾಠ ಪುಸ್ತಕವಿಲ್ಲದೆಯೇ ಮನಸ್ಸಿನಲ್ಲಿ ನಿಲ್ಲುತ್ತದೆ.