ಬೀಟೆ ಮರದೊಳಗೆ ಆನೆ: ಮೈಸೂರು ಇನ್‌ಲೇ ಇಷ್ಟು ದುಬಾರಿ ಯಾಕೆ?

ಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಚಿಕ್ಕಮಗಳೂರಿನ ಕೊಪ್ಪ ಅಲ್ಲ, ಮದ್ದೂರು ತಾಲ್ಲೂಕಿನ ನಮ್ಮ ಕಬ್ಬಿನ ಗದ್ದೆ ಕೊಪ್ಪ.

ಮೈಸೂರಿಗೆ ಹೋದಾಗ ಕಾವೇರಿ ಎಂಪೋರಿಯಂನಲ್ಲಿ ಕಪ್ಪು ಮರದ ಮೇಲೆ ದಸರಾ ಮೆರವಣಿಗೆ ಇರೋ ಚಿತ್ರಗಳನ್ನ ನೀವೂ ನೋಡಿರ್ತೀರಿ. ಬೆಲೆ ಚೀಟಿ ತಿರುಗಿಸಿ ನೋಡಿ ಮೆತ್ತಗೆ ವಾಪಸ್ ಇಟ್ಟಿರ್ತೀರಿ. ಅದು ಪೇಂಟಿಂಗ್ ಅಲ್ಲ. ಒಳ್ಳೆ ಕೆಲಸದಲ್ಲಿ ಒಂದು ಹನಿ ಬಣ್ಣನೂ ಇರಲ್ಲ. ಹಳದಿ ಬೇಕಾದ್ರೆ ಹಲಸು, ತಿಳಿಬಣ್ಣಕ್ಕೆ ರಬ್ಬರ್ ಮರ, ಹಿನ್ನೆಲೆಗೆ ಬೀಟೆ. ಬಣ್ಣದ ಡಬ್ಬಿ ಬದಲು ಮರದ ಚೂರುಗಳ ಡಬ್ಬಿ ಅಂದ್ಕೊಳ್ಳಿ.

ಫ್ರಾನ್ಸ್‌ನಲ್ಲೂ ಇಂಥದ್ದೊಂದು ಕಲೆ ಇದೆ, ಹೆಸರು ಮಾರ್ಕೆಟ್ರಿ. 14ನೇ ಲೂಯಿ ರಾಜನ ಬಡಗಿ ಆಂದ್ರೆ ಶಾರ್ಲ್ ಬೂಲ್ ಅದರಲ್ಲಿ ದೊಡ್ಡ ಹೆಸರು. ಆತ ಆಮೆಚಿಪ್ಪಿನ ಹಾಳೆ, ಹಿತ್ತಾಳೆ ಹಾಳೆ ಎರಡನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೇ ಗರಗಸ ಹಾಕ್ತಿದ್ದ. ಒಂದೇ ಸಲ ಕೊಯ್ದರೆ ಎರಡು ಸೆಟ್: ಒಂದರಲ್ಲಿ ಚಿಪ್ಪಿನೊಳಗೆ ಹಿತ್ತಾಳೆ ಹೂವು, ಇನ್ನೊಂದರಲ್ಲಿ ಹಿತ್ತಾಳೆಯೊಳಗೆ ಚಿಪ್ಪಿನ ಹೂವು. ಕೂಲಿ ಒಂದು, ಮಾಲು ಎರಡು. ಬಿ.ಕಾಂ. ಓದಿದ ನನಗೆ ಇದು ಬಹಳ ಇಷ್ಟ ಆಯ್ತು. ಈ ಹಾಳೆಯನ್ನ ಪೀಠೋಪಕರಣದ ಮೈಗೆ ಅಂಟಿಸಿದ್ರೆ ಕೆಲಸ ಮುಗೀತು. ಆದ್ರೆ ಹಿತ್ತಾಳೆ, ಮರ, ಚಿಪ್ಪು ಬಿಸಿಗೆ, ತೇವಕ್ಕೆ ಒಂದೇ ಥರ ಹಿಗ್ಗಲ್ಲ. ಅದಕ್ಕೇ ಹಳೇ ಬೂಲ್ ಮೇಜುಗಳಲ್ಲಿ ಹಿತ್ತಾಳೆ ಮೇಲೆದ್ದು ನಿಲ್ಲುತ್ತೆ.

ಮೈಸೂರಿನವರದ್ದು ಬೇರೆ ದಾರಿ. ಇಲ್ಲಿ ಚೂರನ್ನ ಮೇಲೆ ಅಂಟಿಸಲ್ಲ, ಬೀಟೆ ಹಲಗೆಯೊಳಗೆ ಕೂರಿಸ್ತಾರೆ. ಮೊದಲು ಆನೆ, ಅಂಬಾರಿ, ಎಲೆ ಎಲ್ಲವನ್ನೂ ಸಣ್ಣ ಗರಗಸದಲ್ಲಿ ಬೇರೆಬೇರೆ ಕೊಯ್ಯೋದು. ಆ ಚೂರನ್ನ ಹಲಗೆ ಮೇಲಿಟ್ಟು ಸುತ್ತ ಗೆರೆ ಎಳೆಯೋದು. ಅಷ್ಟೇ ಅಗಲ, ಅಷ್ಟೇ ಆಳಕ್ಕೆ ಉಳಿಯಲ್ಲಿ ತೋಡೋದು. ಅಂಟು ಹಾಕಿ ಕೂರಿಸಿ, ಉಜ್ಜಿ, ಆನೆ ಕಣ್ಣು, ಸೀರೆ ಮಡಿಕೆಯಂಥ ಸಣ್ಣ ಗೆರೆ ಕೊರೆದು, ಪಾಲಿಶ್. ಚೂರು ಕೊಯ್ಯೋದನ್ನ ಬೇಗ ಮಾಡಬಹುದು, ಗುಂಡಿ ತೋಡೋದಕ್ಕೆ ಮಾತ್ರ ಶಾರ್ಟ್‌ಕಟ್ ಇಲ್ಲ. ಕೂದಲೆಳೆಯಷ್ಟು ಜಾಸ್ತಿ ತೋಡಿದ್ರೂ ಸಂದು ಕಾಣ್ಸುತ್ತೆ. ನೀವು ದುಡ್ಡು ಕೊಡೋದು ಮುಖ್ಯವಾಗಿ ಈ ಗುಂಡಿಗೆ.

ಬೀಟೆನೂ ಸುಲಭಕ್ಕೆ ಸಿಗೋ ಮರ ಅಲ್ಲ. ನಿಧಾನಕ್ಕೆ ಬೆಳೆಯುತ್ತೆ. 2017ರಿಂದ ಬೀಟೆ ಕುಲದ ಮರಗಳು ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ನಿಯಂತ್ರಣ ಪಟ್ಟಿಯಲ್ಲಿವೆ, ದೊಡ್ಡ ಸಾಮಾನು ವಿದೇಶಕ್ಕೆ ಕಳಿಸೋಕೆ ಕಾಗದಪತ್ರ ಬೇಕು. ಜಿಐ ಟ್ಯಾಗ್ ಕೂಡ ಇದೆ. ಆದ್ರೆ ಜಿಐ ಹೆಸರನ್ನ ಕಾಪಾಡುತ್ತೆ, ಕೂಲಿಯನ್ನಲ್ಲ. ಚಿತ್ರ ಪ್ರಿಂಟ್ ಮಾಡಿ ಮರದಂತೆ ಕಾಣಿಸೋ ಮಾಲು ಪಕ್ಕದಲ್ಲೇ ಅಗ್ಗಕ್ಕೆ ಸಿಕ್ಕರೆ ವಾರಗಟ್ಟಲೆ ತೋಡಿದವರು ಯಾವ ರೇಟ್ ಹೇಳ್ಬೇಕು? ಕೊಳ್ಳೋ ಮುಂಚೆ ಫೋನ್ ಟಾರ್ಚ್ ಹಾಕಿ ಓರೆಯಾಗಿ ನೋಡಿ. ನಿಜವಾದ ಇನ್‌ಲೇಯಲ್ಲಿ ಪ್ರತಿ ಚೂರಿಗೂ ಅದರದ್ದೇ ಮರದ ಎಳೆ ಇರುತ್ತೆ, ಎಳೆಗಳ ದಿಕ್ಕು ಬೇರೆಬೇರೆ. ಪ್ರಿಂಟ್‌ನಲ್ಲಿ ಇಡೀ ಮೈ ಒಂದೇ ಥರ ಹೊಳೆಯುತ್ತೆ.

ಇನ್ನು ಕೇಳುಗರೊಬ್ಬರ ಪ್ರಶ್ನೆ. ಅಜ್ಜಿ ಕಾಲದ ಪೆಟ್ಟಿಗೆ, ಮೇಲೆ ಬಿಳಿ ಹೂವು, ಆನ್‌ಲೈನ್‌ನಲ್ಲಿ ಮಾರಬಹುದಾ? ಸ್ವಲ್ಪ ತಡೀರಿ. ಹಿಂದೆ ಆ ಬಿಳಿಗೆ ಆನೆದಂತ ಬಳಸ್ತಿದ್ರು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲೂ ಇರೋದು ಅದೇ. 1986ರ ತಿದ್ದುಪಡಿಯಿಂದ ನಮ್ಮ ದೇಶದ ಆನೆದಂತದ ವ್ಯಾಪಾರ ನಿಂತುಹೋಯ್ತು, ಕುಶಲಕರ್ಮಿಗಳು ಪ್ಲಾಸ್ಟಿಕ್‌ಗೆ ಬಂದ್ರು. ಹಾಗಾಗಿ ನಿಮ್ಮ ಪೆಟ್ಟಿಗೆಯ ಬಿಳಿ ದಂತವೇ ಆಗಿದ್ರೆ, ಎಷ್ಟೇ ಹಳೇದಾದ್ರೂ ಮಾರೋದು ಅಪರಾಧ. ಸೂಜಿ ಕಾಯಿಸಿ ಚುಚ್ಚಿ ನೋಡೋ ಯೂಟ್ಯೂಬ್ ಪ್ರಯೋಗ ಬೇಡ, ಪೆಟ್ಟಿಗೆ ಹಾಳಾಗುತ್ತೆ. ಜಾಹೀರಾತು ಹಾಕೋ ಮುಂಚೆ ಅರಣ್ಯ ಇಲಾಖೆ ಕಚೇರಿಯಲ್ಲಿ ತೋರಿಸಿ.